ಸಂಸೆಗೆ ಸಂತೋಷ ಹುಡುಕಿ ಬರುವವರಿಗೆ ಬಹಿರಂಗ ಪತ್ರ

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ ಶನಿವಾರ ಬೆಳಗ್ಗೆ ನಮ್ಮೂರಲ್ಲಿ ಕಣ್ಣುಜ್ಜಿಕೊಂಡು ಇಳಿಯುವ ಸಮಸ್ತ ಯುವಮಿತ್ರರಿಗೆ,



ನಿಮಗೆ ಕೆಲಸದಲ್ಲಿ ಸಂತೋಷ ಸಿಗುತ್ತಿಲ್ಲ ಎಂಬ ವಿಷಯ ನಮ್ಮೂರಿಗೆಲ್ಲ ಗೊತ್ತು. ಗುಟ್ಟು ಬಿಟ್ಟುಕೊಟ್ಟವರು ನೀವೇ. ಇಲ್ಲಿಂದ, ಚಾರಣ ಶುರುವಾಗುವ ಮುಳ್ಳೋಡಿಗೆ ಹೋಗುವ ದಾರಿ ಹಾಗಿದೆ. ಜೀಪಿನ ಸದ್ದಿನಲ್ಲಿ ಗಟ್ಟಿಯಾಗಿ ಮಾತಾಡದೆ ವಿಧಿಯಿಲ್ಲ, ಗಟ್ಟಿಯಾಗಿ ಆಡಿದ್ದು ಡ್ರೈವರನ ಕಿವಿಗೆ ಬೀಳದೆ ಇರುವುದಿಲ್ಲ. ನಿಮ್ಮ ಮ್ಯಾನೇಜರು ಎಂಥವರು, ಅಪ್ರೈಸಲ್‌ನಲ್ಲಿ ಯಾರು ಯಾರಿಗೆ ಕೈಕೊಟ್ಟರು, ನೋಟಿಸ್ ಪಿರಿಯಡ್ ಎಷ್ಟು ದಿನ ಎಂಬುದೆಲ್ಲ ಇಲ್ಲಿನ ಜೀಪಿನ ಹುಡುಗರಿಗೆ ಬಾಯಿಪಾಠ. ಇದು ಹೋಗುವಾಗಿನ ಮಾತು. ಕುದುರೆಮುಖದ ನೆತ್ತಿ ಮುಟ್ಟಿ, ಸುಮಾರು 1,890 ಮೀಟರಿನ ಗಾಳಿ ಕುಡಿದು, ಕಾಲಿನ ಕಥೆ ಮುಗಿದು ಸಂಜೆ ಜೀಪಿಗೆ ಬಂದು ಕೂತಾಗ ರಾಗವೇ ಬೇರೆ. "ಇಲ್ಲೇ ಎರಡೆಕರೆ ತಗೊಂಡು ಕಾಫಿ ಹಾಕ್ಕೊಂಡು ಇದ್ಬಿಡಬೇಕು ಕಣೋ. ಇದಪ್ಪ ಜೀವನ ಅಂದ್ರೆ." ಆಮೇಲೆ ಎಲ್ಲರೂ ಒಂದು ಗಳಿಗೆ ಸುಮ್ಮನಾಗುತ್ತೀರಿ. ಸ್ಟೀರಿಂಗ್ ಹಿಡಿದವನೂ ಸುಮ್ಮನಿರುತ್ತಾನೆ. ಆ ಎರಡೆಕರೆಯವನು ಅವನೇ. ತೋಟದಲ್ಲಿ ಸಂಸಾರ ಸಾಗುವುದಿಲ್ಲ ಎಂದೇ ಜೀಪು ಓಡಿಸುತ್ತಿದ್ದಾನೆ.

ಭಾನುವಾರ ರಾತ್ರಿ ನೀವು ವಾಪಸು ಹೋಗುವ ಬಸ್ಸಿನಲ್ಲಿ ನಮ್ಮ ಹುಡುಗರೂ ಇರುತ್ತಾರೆ. ಒಬ್ಬ ಡಿಪ್ಲೊಮಾ ಮುಗಿಸಿದವನು, ಒಬ್ಬ ಬಿ.ಕಾಂ., ಇನ್ನೊಬ್ಬ ಮೂರು ಸಲ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ಬರೆದವನು. ಪಕ್ಕದ ಸೀಟಿನಲ್ಲಿ ಕೂತು ಅವರು ನಿಮ್ಮ ಕಂಪನಿಯ ಟ್ಯಾಗನ್ನು ದೇವರ ಪಟ ನೋಡಿದ ಹಾಗೆ ನೋಡುವುದನ್ನು ನೀವು ಗಮನಿಸಿರಲಿಕ್ಕಿಲ್ಲ, ನಿದ್ದೆಯಲ್ಲಿರುತ್ತೀರಿ. ನೀವು ಬಿಟ್ಟುಬರಬೇಕೆಂದು ಒದ್ದಾಡುವ ಜಾಗಕ್ಕೆ ಅವರು ಹೊರಟಿದ್ದಾರೆ, ಅವರು ಬಿಟ್ಟುಹೋಗಲು ಒದ್ದಾಡುವ ಜಾಗವನ್ನು ನೀವು ಫೋಟೋ ತೆಗೆದುಕೊಂಡು ಹೋಗುತ್ತಿದ್ದೀರಿ. ಒಂದೇ ಟಿಕೆಟ್ ದರ.

ಈ ಪತ್ರ ಬರೆಯಲು ಕಾರಣವಾದದ್ದು ನಿಮ್ಮಲ್ಲೊಬ್ಬರು ಮಂಜು ಹಿಡಿದ ಜೀಪಿನ ಗಾಜಿನ ಮೇಲೆ ಬೆರಳಲ್ಲಿ ಬಿಡಿಸಿದ ಚಿತ್ರ. ನಾಲ್ಕು ವೃತ್ತ, ಒಂದರ ಮೇಲೊಂದು. ನಿನಗೆ ಇಷ್ಟವಾದದ್ದು, ನಿನಗೆ ಚೆನ್ನಾಗಿ ಬರುವಂಥದ್ದು, ಜಗತ್ತಿಗೆ ಬೇಕಾದದ್ದು, ದುಡ್ಡು ತರುವಂಥದ್ದು. ನಾಲ್ಕೂ ಸೇರುವ ನಡುಮಧ್ಯದಲ್ಲಿ ಒಂದು ಚುಕ್ಕಿ ಇಟ್ಟು "ಇದೇ ಇಕಿಗಾಯ್, ಜಪಾನೀಯರ ಗುಟ್ಟು, ಇದು ಸಿಕ್ಕಿದವನು ನೂರು ವರ್ಷ ನಗುನಗುತ್ತಾ ಬದುಕ್ತಾನೆ" ಎಂದು ಅವರು ಉಳಿದವರಿಗೆ ವಿವರಿಸಿದರು. ಕೇಳಿ ಮೈ ಜುಮ್ಮೆಂದಿತು. ಮನೆಗೆ ಬಂದು, ಟವರ್ ಇದ್ದ ಹೊತ್ತು ನೋಡಿ ಮೊಬೈಲಿನಲ್ಲಿ ಹುಡುಕಿದೆ. ಆ ವೃತ್ತಗಳು ಜಪಾನಿನವೇ ಅಲ್ಲ ಮಾರಾಯ್ರೆ. ಬಿಡಿಸಿದವನು ಆಂಡ್ರೆಸ್ ಝುಝುನಾಗ ಎಂಬ ಸ್ಪೇನಿನ ಜ್ಯೋತಿಷಿ. ಅದರ ನಡುವೆ 2014ರಲ್ಲಿ ಇಕಿಗಾಯ್ ಎಂಬ ಪದ ತಂದು ಕೂರಿಸಿದವನು ಮಾರ್ಕ್ ವಿನ್ ಎಂಬ ಇಂಗ್ಲಿಷಿನವನು. ಜ್ಯೋತಿಷಿ ಎಂದ ಮೇಲೆ ನನಗೆ ಗೌರವ ಹೆಚ್ಚೇ ಆಯಿತು. ನಮ್ಮ ಕಡೆ ಮದುವೆ ಮುಂದೆ ಹೋದರೆ ಜಾತಕ ತೋರಿಸುತ್ತಾರೆ, ನಿಮ್ಮ ಕಡೆ ಪ್ರಮೋಷನ್ ಮುಂದೆ ಹೋದರೆ ಈ ಚಿತ್ರ ತೋರಿಸುತ್ತಾರೆ ಎಂದು ಅರ್ಥವಾಯಿತು.

ಬಂದದ್ದು ಎಲ್ಲಿಂದಲೇ ಆಗಲಿ, ಕೊಳ್ಳುವ ಮೊದಲು ಒರೆಗೆ ಹಚ್ಚಿ ನೋಡಬೇಕಲ್ಲ. ಹಾಗಾಗಿ ನಮ್ಮ ತೋಟಕ್ಕೆ ಬರುವ ಕೊನೆಗಾರನನ್ನು ನಿಮ್ಮ ನಾಲ್ಕು ವೃತ್ತದೊಳಗೆ ನಿಲ್ಲಿಸಿ ನೋಡಿದೆ.

ಅಡಿಕೆ ಕೊನೆ ತೆಗೆಯುವುದನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ನೋಡಬೇಕು. ಕಾಲಿಗೆ ತಳೆ ಹಾಕಿಕೊಂಡು ಐವತ್ತು ಅರವತ್ತು ಅಡಿ ಮರವನ್ನು ಆತ ಹತ್ತುವುದು ಒಂದೇ ಸಲ. ಆಮೇಲೆ ನೆಲಕ್ಕೆ ಇಳಿಯುವುದು ತಿಂಡಿಗೋ ಊಟಕ್ಕೋ. ಮೇಲಿದ್ದಲ್ಲಿಂದಲೇ ಪಕ್ಕದ ಮರವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ, ಎರಡೂ ಮರ ಬಾಗಿ ಒಂದು ಕ್ಷಣ ಜೊತೆಯಾಗುತ್ತವೆ, ಅಷ್ಟರಲ್ಲಿ ಇವನು ಆ ಮರದಲ್ಲಿರುತ್ತಾನೆ. ಬಿಟ್ಟ ಮರ ಚಟ್ಟನೆ ನೆಟ್ಟಗಾಗಿ ತೂಗಾಡುತ್ತಿರುತ್ತದೆ. ಕೊನೆ ಹಣ್ಣಾಗಿದೆಯೋ, ಬೆಳೆದಿದೆಯೋ, ಇನ್ನೊಂದು ಕೊಯ್ಲಿಗೆ ಬಿಡಬೇಕೋ ಎಂದು ನಿರ್ಧರಿಸಲು ಅವನಿಗೆ ಸಿಗುವುದು ಒಂದು ನೋಟ. ಕತ್ತಿ ಆಡಿಸಿ, ಕೊನೆಯನ್ನು ನೇಣಿಗೆ ಸಿಕ್ಕಿಸಿ ಬಿಟ್ಟರೆ ಅದು ಜರ್ರೆಂದು ಜಾರಿ ಕೆಳಗೆ ನೇಣು ಹಿಡಿದು ನಿಂತವನ ಬಳಿ ಬಂದು ನಿಲ್ಲಬೇಕು, ಒಂದು ಅಡಿಕೆಯೂ ಉದುರದೆ. ಕೆಳಗಿನವನು ನೇಣನ್ನು ಸ್ವಲ್ಪ ಸಡಿಲ ಬಿಟ್ಟರೆ ಮೇಲಿಂದ ಬೈಗುಳ ಕೊನೆಗಿಂತ ಬೇಗ ಬರುತ್ತದೆ. ಬಾಯಲ್ಲಿ ಎಲೆಯಡಿಕೆ, ಸೊಂಟದಲ್ಲಿ ಮೊಬೈಲು, ಮೊಬೈಲಿನಲ್ಲಿ ಹಳೇ ಸಿನಿಮಾ ಹಾಡು.

ಚೆನ್ನಾಗಿ ಬರುವ ಕೆಲಸವೇ? ಹತ್ತೂರಿನಲ್ಲಿ ಅವನ ಸಮಾನ ಇಲ್ಲ. ಜಗತ್ತಿಗೆ ಬೇಕೇ? ಬೆಳಗ್ಗೆ ಐದೂವರೆಗೆ ಅವನ ಮನೆ ಅಂಗಳದಲ್ಲಿ ಇಬ್ಬರು ಮೂವರು ತೋಟದ ಯಜಮಾನರು ಕೈಕಟ್ಟಿ ನಿಂತಿರುತ್ತಾರೆ, ಡೇಟು ಕೊಡಿ ಎಂದು. ದುಡ್ಡು? ಅವನ ಒಂದು ದಿನದ ಕೂಲಿಯನ್ನು ತಿಂಗಳಿಗೆ ಗುಣಿಸಿದರೆ, ವರ್ಷಕ್ಕೆ ಮೂರೂವರೆ ಲಕ್ಷಕ್ಕೆ ಸೇರುವ ನಿಮ್ಮ ಕಂಪನಿಯ ಹೊಸಬರಿಗೆ ಹೊಟ್ಟೆ ಉರಿಯಬಹುದು. ಇಷ್ಟವೇ? ಕೇಳಿದೆ. "ಎಂಥ ಇಷ್ಟ ಮಾರಾಯ್ರೆ, ಮೇಲೆ ಹೋದ್ರೆ ಯಾರದ್ದೂ ಕಿರಿಕಿರಿ ಇಲ್ಲ" ಅಂದ. ನಿಮ್ಮ ಭಾಷೆಯಲ್ಲಿ ಇದನ್ನು ವರ್ಕ್ ಅಟಾನಮಿ ಅನ್ನುತ್ತಾರಂತೆ. ನಾಲ್ಕಕ್ಕೆ ನಾಲ್ಕು ವೃತ್ತ. ಮುಳ್ಳೋಡಿಯಿಂದ ಕಳಸದವರೆಗೆ ಇಕಿಗಾಯ್ ಸಾಧಿಸಿದ ಮನುಷ್ಯ ಯಾರಾದರೂ ಇದ್ದರೆ ಅವನೇ.

ಅವನ ಮಗ ಮಂಗಳೂರಿನಲ್ಲಿ ಮೊಬೈಲ್ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಸಂಬಳ ಅಪ್ಪನ ಸಂಪಾದನೆಯ ಅರ್ಧವೂ ಇಲ್ಲ. ಯಾಕೆ ಎಂದು ನಾನು ಕೇಳಬೇಕಾಗಿ ಬರಲಿಲ್ಲ, ಅಪ್ಪನೇ ಹೇಳಿದ. "ಅಲ್ಲಿದ್ರೆ ಒಂದು ಹೆಣ್ಣಾದ್ರೂ ಸಿಕ್ತದೆ."

ನಿಮ್ಮ ಜ್ಯೋತಿಷಿ ಬಿಡಿಸಲು ಮರೆತದ್ದು ಈ ಐದನೇ ವೃತ್ತವನ್ನು. ಅದು ಕೆಲಸಗಾರನ ಎದೆಯಲ್ಲಿಲ್ಲ, ನೋಡುವವರ ಕಣ್ಣಲ್ಲಿದೆ. ನಾಲ್ಕೂ ವೃತ್ತ ಭರ್ತಿಯಾಗಿ ಇದೊಂದು ಖಾಲಿಯಿದ್ದರೆ ಕೊನೆಗಾರನ ಮಗ ಕೊನೆಗಾರನಾಗುವುದಿಲ್ಲ, ರೈತನ ಮಗ ರೈತನಾಗುವುದಿಲ್ಲ. ಇಲಾಖೆ, ಸಹಕಾರ ಸಂಘಗಳು ಈಗ ಹುಡುಗರನ್ನು ಕರೆದು ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದ ಮೇಲೇ ನಿಂತು ಕೊನೆ ತೆಗೆಯುವ ತರಬೇತಿ ಕೊಡುತ್ತಿವೆ. ಒಳ್ಳೆಯ ಕೆಲಸ, ಜೀವ ಉಳಿಯುತ್ತದೆ. ಮದುವೆ ದಲ್ಲಾಳಿಗೆ ಮಾತ್ರ ಯಾರೂ ತರಬೇತಿ ಕೊಟ್ಟಿಲ್ಲ.

ತಮಾಷೆ ಅಂದುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಮದುವೆಯಾಗದ ಯುವ ರೈತರು ನಮಗೂ ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನಿಮ್ಮ ಮೊಬೈಲಿಗೂ ಬಂದಿರಬೇಕು. ನೀವು ನಕ್ಕು ಮುಂದಕ್ಕೆ ಕಳಿಸಿರಬೇಕು. ಎರಡೇ ತಿಂಗಳಿಗೆ ಚುನಾವಣೆ ಪ್ರಚಾರದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಯರಿಗೆ 2 ಲಕ್ಷ ರೂಪಾಯಿ ಕೊಡುವ ಭರವಸೆ ಕೊಟ್ಟರು. ಬೆಳೆ ವಿಮೆ ಇದ್ದ ಹಾಗೆ ವರ ವಿಮೆ. ಅವರ ಪಕ್ಷ ಅಧಿಕಾರಕ್ಕೆ ಬರಲಿಲ್ಲ, ಯೋಜನೆಯೂ ಬರಲಿಲ್ಲ. ಇನ್ನು ಹುಡುಗಿಯರನ್ನು ದೂರುವುದಂತೂ ನನ್ನಿಂದ ಸಾಧ್ಯವಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿದ್ದಾರಲ್ಲ, ಕೊಟ್ಟಿಗೆಯಿಂದ ಕಾಫಿ ಕಣದವರೆಗೆ ಅಮ್ಮ ಮಾಡುವ ಕೆಲಸ ಎಷ್ಟು, ಪಹಣಿಯಲ್ಲಿ ಅಮ್ಮನ ಹೆಸರು ಎಲ್ಲಿದೆ ಎಂದು. ಹೆಸರಿಲ್ಲದ ಕೆಲಸಕ್ಕೆ ಇನ್ನೊಬ್ಬರ ಮನೆಗೆ ಹೋಗುವ ಬದಲು ಹೆಸರಿರುವ ಐಡಿ ಕಾರ್ಡ್ ಹಾಕಿಕೊಂಡು ಬೆಂಗಳೂರಿಗೆ ಹೋಗುತ್ತೇನೆ ಎನ್ನುವವಳದ್ದು ಯಾವ ತಪ್ಪು?

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಓದಿಕೊಂಡವರೊಬ್ಬರು ತೇಜಸ್ವಿಯವರ ಹೆಸರು ಎತ್ತದೆ ಇರುವುದಿಲ್ಲ. ಪ್ರತಿ ಜೀಪಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಚೀಲದಲ್ಲಿ 'ಕರ್ವಾಲೋ' ಅಥವಾ 'ಜುಗಾರಿ ಕ್ರಾಸ್' ಇಟ್ಟುಕೊಂಡು. "ಅವರೂ ಎಂ.ಎ. ಮಾಡಿ, ಮೇಷ್ಟ್ರಾಗದೆ ಮೂಡಿಗೆರೆಗೆ ಬಂದು ತೋಟ ಮಾಡಲಿಲ್ವಾ?" ಮಾಡಿದರು. ಅವರು ಇಲ್ಲಿಗೆ ಬಂದದ್ದು ಅರವತ್ತರ ದಶಕದಲ್ಲಿ, 2007ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ನಮಗೂ ಹೆಮ್ಮೆಯೇ. ಆದರೆ ನೀವು ಅವರ 'ಕರ್ವಾಲೋ'ದಲ್ಲಿ ಓದಿದ್ದು ಹಾರುವ ಓತಿಯನ್ನು. ನಾನು ಓದಿದ್ದು ಅದೇ ಪುಸ್ತಕದ ಮಂದಣ್ಣನನ್ನು. ಕಾಡಿನ ಸಮಸ್ತವೂ ಕಣ್ಣಿಗೆ ಕಟ್ಟಿದಂತೆ ಗೊತ್ತಿರುವ ಹುಡುಗ, ವಿಜ್ಞಾನಿ ಕರ್ವಾಲೋ ಅವರೇ ಬೆರಗಾಗುವಷ್ಟು ಸೂಕ್ಷ್ಮ ಕಣ್ಣು. ಅವನಿಗೆ ಬೇಕಾಗಿರುವುದೋ ಒಂದು ನೌಕರಿ, ನೌಕರಿ ಸಿಕ್ಕಿದರೆ ಮದುವೆ. ಕಾದಂಬರಿ ಬಂದದ್ದು 1980ರಲ್ಲಿ. ಐದನೇ ವೃತ್ತ ಆಗಲೇ ಇತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನು ತೇಜಸ್ವಿಯವರಂತೆ ಬದುಕುವ ವಿಚಾರ. ಅದಕ್ಕೆ ತೋಟ ಕೊಂಡರೆ ಸಾಲದು, ತೇಜಸ್ವಿಯೇ ಆಗಬೇಕಾಗುತ್ತದೆ. ಜೊತೆಗೆ ಅವರ ಹೆಂಡತಿ ರಾಜೇಶ್ವರಿಯವರಂಥವರು ಮನೆಯಲ್ಲಿರಬೇಕಾಗುತ್ತದೆ. ಎರಡೂ ಎಕರೆ ಲೆಕ್ಕದಲ್ಲಿ ಸಿಗುವ ಸರಕಲ್ಲ.

ನೀವು ಈ ಬೆಟ್ಟಕ್ಕೆ ಬದುಕಿನ ಉದ್ದೇಶ ಹುಡುಕಿ ಬಂದ ಮೊದಲಿಗರೂ ಅಲ್ಲ. 2005ರ ಫೆಬ್ರವರಿಯಲ್ಲಿ ಹೊರನಾಡಿನ ಹತ್ತಿರದ ಬಲ್ಲಿಗೆಯಲ್ಲಿ ಪೊಲೀಸರ ಗುಂಡಿಗೆ ಸತ್ತ ನಕ್ಸಲ್ ನಾಯಕ ಸಾಕೇತ್ ರಾಜನ್ ಮೈಸೂರಿನವರು, ದೆಹಲಿಯಲ್ಲಿ ಪತ್ರಿಕೋದ್ಯಮ ಕಲಿತವರು, ಕರ್ನಾಟಕದ ಇತಿಹಾಸ ಬರೆದವರು. ಬೇಕೆಂದಿದ್ದರೆ ಯಾವ ಊರಿನಲ್ಲೂ ಒಳ್ಳೆಯ ಕೆಲಸ ಸಿಗುತ್ತಿತ್ತು. ಅವರ ಹಿಂದೆ ಇಲ್ಲಿಯವೇ ಕೆಲವು ಮಕ್ಕಳು ಕಾಡಿಗೆ ಹೋದವು. ಹೋದವರ ಮನೆಯವರು ಇಲ್ಲೇ ಇದ್ದಾರೆ, ಹಾಗಾಗಿ ಆ ವಿಚಾರದಲ್ಲಿ ವ್ಯಂಗ್ಯ ಮಾಡುವ ಮನಸ್ಸು ನನಗಿಲ್ಲ. ಉದ್ದೇಶ ಎಂಬ ಮಾತನ್ನು ನೀವು ಅಷ್ಟು ಹಗುರವಾಗಿ ಆಡುವಾಗ ಮಾತ್ರ ಜೀಪಿನಲ್ಲಿ ಕೂತ ಹಿರಿಯರು ಯಾಕೆ ಕಿಟಕಿಯ ಆಚೆ ನೋಡುತ್ತಾರೆ ಎಂಬುದು ನಿಮಗೆ ತಿಳಿದಿರಲಿ.

ಕೆಲಸ ಎಂದರೆ ಏನು, ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಿದ್ದರೆ ಬೆಟ್ಟದ ತುದಿಗಿಂತ ಒಳ್ಳೆಯ ಜಾಗ ರಸ್ತೆಯಲ್ಲೇ ಇದೆ. ಸಂಸೆಯಿಂದ ಚಹಾ ತೋಟ ದಾಟಿ ಕುದುರೆಮುಖ ಪಟ್ಟಣಕ್ಕೆ ಹೋಗಿ ನೋಡಿ. ಇರಾನಿನ ಷಾ ದುಡ್ಡು ಕೊಡುತ್ತೇನೆಂದು, ನಮ್ಮ ಅದಿರನ್ನು ಕೊಳ್ಳುತ್ತೇನೆಂದು ಒಪ್ಪಿದ ಮೇಲೆ 1976ರಲ್ಲಿ ಅಲ್ಲಿ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. 1979ರಲ್ಲಿ ಷಾ ತಾನೇ ದೇಶ ಬಿಟ್ಟು ಓಡಿದ. ಕಂಪನಿ ಹೇಗೋ ಬೇರೆ ಗಿರಾಕಿಗಳನ್ನು ಹಿಡಿಯಿತು. ಬೆಟ್ಟವನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಸಿನಿಮಾ, ತಿಂಗಳ ಒಂದನೇ ತಾರೀಖಿಗೆ ಸಂಬಳ. ಆ ಕಾಲದ ಸಂಸೆಯ ಹುಡುಗರಿಗೆ ಬದುಕಿನ ಉದ್ದೇಶ ಏನು ಎಂದು ಯಾರೂ ಕೇಳುತ್ತಿರಲಿಲ್ಲ, 'ಪ್ರಾಜೆಕ್ಟಿಗೆ ಸೇರಿದೆಯಾ?' ಎಂದಷ್ಟೇ ಕೇಳುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ನಿಲ್ಲಬೇಕಾದದ್ದೇ, ಭದ್ರೆ ಕೆಂಪಾಗಿ ಹರಿದದ್ದನ್ನು ನೋಡಿದವರು ಯಾರೂ ಬೇಡ ಎನ್ನಲಾರರು. ಆದರೆ ಅಲ್ಲಿ ಡಂಪರ್ ಓಡಿಸುತ್ತಿದ್ದವನು ಕೆಲಸದಲ್ಲಿ ಎಷ್ಟು ಸಂತೋಷವಾಗಿದ್ದ, ಎಷ್ಟು ಮನಸ್ಸಿಟ್ಟು ಮಾಡುತ್ತಿದ್ದ ಎಂಬುದಕ್ಕೂ ಆ ಡಿಸೆಂಬರ್ 31ಕ್ಕೂ ಏನೂ ಸಂಬಂಧ ಇರಲಿಲ್ಲ. ಖಾಲಿ ಕ್ವಾರ್ಟರ್ಸುಗಳ ಗೋಡೆಯಲ್ಲಿ ಈಗ ಪಾಚಿ, ಕಿಟಕಿಯಲ್ಲಿ ಬಳ್ಳಿ. ನೀವು ಅಲ್ಲಿ ರೀಲ್ಸ್ ಮಾಡುತ್ತೀರಿ, ಬೆಳಕು ಚೆನ್ನಾಗಿದೆಯಂತೆ.

ಇನ್ನೊಂದು ಕಥೆ ಹೇಳದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಕೊಪ್ಪದ ಸಹಕಾರ ಸಾರಿಗೆಯದ್ದು. ಮಲೆನಾಡಿನ ರಸ್ತೆಗಳಲ್ಲಿ ಓಡುತ್ತಿದ್ದ ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಬೀದಿಗೆ ಬಿದ್ದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಸೇರಿ 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಬೆರಳೆಣಿಕೆ ಬಸ್ಸಿನಿಂದ ಶುರುವಾದದ್ದು ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆಯಿತು. ಬಸ್ಸು ಓಡಿಸುವವನೇ ಬಸ್ಸಿನ ಮಾಲೀಕ. ಅಂಥ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತು, ಆ ಕಂಡಕ್ಟರು ಚಿಲ್ಲರೆ ಕೊಡುವ ರೀತಿಯೇ ಬೇರೆ. ನಡುದಾರಿಯಲ್ಲಿ ಕೈ ತೋರಿಸಿದ ಅಜ್ಜಿಗೆ ನಿಲ್ಲಿಸುವುದು, ಯಾರದ್ದೋ ಮನೆಗೆ ಔಷಧದ ಪೊಟ್ಟಣ ತಲುಪಿಸುವುದು, ಶಾಲೆ ಮಕ್ಕಳು ಒಬ್ಬರು ಕಡಿಮೆಯಾದರೆ "ಅವ್ಳೆಲ್ಲಿ ಇವತ್ತು?" ಎಂದು ಕೇಳುವುದು. ಮಳೆಗಾಲದಲ್ಲಿ ಮರ ಬಿದ್ದರೆ ಡ್ರೈವರೇ ಕತ್ತಿ ತೆಗೆದು ಇಳಿಯುತ್ತಿದ್ದ, ಡಿಪೋಗೆ ಫೋನು ಮಾಡಿ ಆದೇಶಕ್ಕೆ ಕಾಯುತ್ತಿರಲಿಲ್ಲ. ಕೆಲಸದಲ್ಲಿ ಸಂತೋಷ ಅಂದರೆ ಇದು ಎಂದು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ದೂರದ ಊರುಗಳಿಂದ ಜನ ಬಂದು ಈ ಸಂಸ್ಥೆಯನ್ನು ನೋಡಿಕೊಂಡು ಹೋದರು. ಆಮೇಲೆ ಡೀಸೆಲ್ ಏರಿತು, ವಿಮೆ ಏರಿತು, ತೆರಿಗೆ, ಟೈರು, ಬಿಡಿಭಾಗ ಎಲ್ಲ ಏರಿತು. 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಆ ಕೆಲಸಗಾರರಲ್ಲಿ ಉದ್ದೇಶಕ್ಕೆ ಕೊರತೆ ಇರಲಿಲ್ಲ, ಸ್ವಾಮಿ. ಡೀಸೆಲ್‌ಗೆ ದುಡ್ಡಿರಲಿಲ್ಲ.

ನಿಮ್ಮ ಪುಸ್ತಕಗಳಲ್ಲಿ ನನಗೆ ಅರ್ಥವಾಗದ್ದು ಇದೇ. ಸಂತೋಷ ಎಲ್ಲಿದೆ ಎಂದರೆ ನಿನ್ನ ಒಳಗೆ ನೋಡಿಕೋ ಅನ್ನುತ್ತವೆ. ಒಳಗೆ ಇರುವುದು ಹೌದು. ಆದರೆ ಅದು ನಾಳೆಯೂ ಅಲ್ಲೇ ಇರುತ್ತದೋ ಇಲ್ಲವೋ ಎಂದು ತೀರ್ಮಾನವಾಗುವುದು ಹೊರಗೆ: ಡೀಸೆಲ್ ಪಂಪಿನಲ್ಲಿ, ಕೋರ್ಟಿನಲ್ಲಿ, ಮಂಡಿಯಲ್ಲಿ, ಹೆಣ್ಣಿನ ಅಪ್ಪನ ಮನೆ ಜಗಲಿಯಲ್ಲಿ. ನಮ್ಮನ್ನೇ ನೋಡಿ. 2001-02ರ ಹೊತ್ತಿಗೆ ಕಾಫಿ ದರ ಪಾತಾಳಕ್ಕೆ ಹೋಗಿ ಕುಯ್ಲಿನ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಒಣಗಿದ ತೋಟಗಳಿದ್ದವು. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ 50 ಕೆಜಿ ಚೀಲಕ್ಕೆ 25 ಸಾವಿರ ದಾಟಿತು. ಎರಡೂ ಸಲ ನಾವು ಮಾಡಿದ್ದು ಅದೇ ಮರಗಸಿ, ಅದೇ ಕಂಬಚಿಗುರು ತೆಗೆಯುವ ಕೆಲಸ, ಅದೇ ಬೋರರ್ ಹುಡುಕುವ ಕೆಲಸ. ಬದಲಾದದ್ದು ಬ್ರೆಜಿಲ್ಲಿನ ಹವಾಮಾನ, ವಿಯೆಟ್ನಾಮಿನ ಬರ. ಅಲ್ಲಿನ ರೈತ ಅತ್ತರೆ ಇಲ್ಲಿ ಹೊಸ ಕಾರು ಬರುತ್ತದೆ. ನಮ್ಮ ಸಂತೋಷದ ಮೂಲ ಇಷ್ಟು ದೂರದಲ್ಲಿರುವಾಗ ಒಳಗೆ ಎಷ್ಟು ಹೊತ್ತು ನೋಡಿಕೊಂಡು ಕೂರುವುದು?

ಹಾಗೆಂದು ಇಲ್ಲಿ ಕೆಲಸದಲ್ಲಿ ಸುಖವೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುವುದನ್ನು ನೀವು ಫೋಟೋದಲ್ಲಿ ನೋಡಿದ್ದೀರಿ, ಅದನ್ನು ಬಿಡಿ. ಫೋಟೋಕ್ಕೆ ಸಿಗದ ಒಂದು ಹೇಳುತ್ತೇನೆ. ಕಣದಲ್ಲಿ ಚೆರ್ರಿ ಒಣಗುತ್ತಿರುವಾಗ ದಿನಾ ಕೈಯಾಡಿಸುತ್ತಾ ಇರಬೇಕು. ಒಂದು ದಿನ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಗಲಗಲ ಎನ್ನುತ್ತದೆ. ಒಳಗಿನ ಬೀಜ ಸಿಪ್ಪೆಯಿಂದ ಬಿಟ್ಟುಕೊಂಡಿದೆ ಎಂದು ಅರ್ಥ. ಹಿಂದಿನ ದಿನ ಆ ಸದ್ದು ಇರುವುದಿಲ್ಲ. ನಮ್ಮ ಅಮ್ಮ ಪ್ರತಿ ವರ್ಷ ಆ ಸದ್ದು ಕೇಳಿದಾಗ ಮುಖ ಅರಳಿಸುತ್ತಾಳೆ, ಆ ವರ್ಷ ರೇಟು ಏನೇ ಇರಲಿ. ಕೆಲಸ ಮುಗಿಯಿತು ಎಂದು ಸರಕೇ ಬಾಯಿಬಿಟ್ಟು ಹೇಳುವ ಭಾಗ್ಯ ಎಲ್ಲ ಕಸುಬಿಗೂ ಇಲ್ಲ. ನಿಮ್ಮ ಕೆಲಸದಲ್ಲಿ ಹಾಗೆ ಗಲಗಲ ಎನ್ನುವುದು ಯಾವುದು ಎಂದು ನನಗೆ ತಿಳಿಯದು. ಆದರೆ ಇರಲೇಬೇಕು. ಯಾಕೆಂದರೆ ಕೊರೋನಾ ಕಾಲದಲ್ಲಿ ನಮ್ಮ ಮೇಲಿನ ಮನೆಯ ಹುಡುಗಿ ಊರಿಗೆ ಬಂದಿದ್ದಳು, ನಿಮ್ಮದೇ ಥರದ ಕೆಲಸದವಳು. ಮನೆಯಲ್ಲಿ ಟವರ್ ಸಿಗದೆ ಗುಡ್ಡದ ಮೇಲೆ ಟಾರ್ಪಾಲು ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಜಿಗಣೆಗೆ ಉಪ್ಪಿನ ಪೊಟ್ಟಣ ಪಕ್ಕದಲ್ಲಿಟ್ಟುಕೊಂಡು ಲ್ಯಾಪ್‌ಟಾಪ್ ಕುಟ್ಟುತ್ತಿದ್ದಳು. ಒಂದು ಸಂಜೆ, ಜುಲೈ ಮಳೆ, ನಾನು ದನ ಹುಡುಕುತ್ತಾ ಆ ಕಡೆ ಹೋದರೆ ಇವಳು ಒಬ್ಬಳೇ ಟಾರ್ಪಾಲಿನಡಿ ಎದ್ದು ನಿಂತು ಕೈ ಮೇಲೆತ್ತಿ ಕುಣಿಯುತ್ತಿದ್ದಾಳೆ. ಗಾಬರಿಯಾಗಿ "ಎಂಥ ಆಯ್ತು ಮಾರಾಯ್ತಿ?" ಅಂದೆ. ಎರಡು ವಾರದಿಂದ ಸತಾಯಿಸುತ್ತಿದ್ದ ಏನೋ ಒಂದು ತಪ್ಪು ಸಿಕ್ಕಿತಂತೆ, ಸರಿಯಾಯಿತಂತೆ. ಏನೆಂದು ವಿವರಿಸಿದಳು, ನನಗೆ ಒಂದಕ್ಷರ ತಿಳಿಯಲಿಲ್ಲ. ಮುಖ ಮಾತ್ರ ನಮ್ಮ ಅಮ್ಮನದೇ ಮುಖ.

ಆ ಹುಡುಗಿಯ ಎದುರಿಗೂ ಕುದುರೆಮುಖ ಕಾಣುತ್ತಿತ್ತು. ಅವಳು ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಈಗ ಈ ಕಡೆಯ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಹುಡುಗರು ಸಂಸಾರ ಸಮೇತ ಇದ್ದಾರೆ. ಚಹಾ ತೋಟದ ನಾಡಿನಿಂದ ರೈಲಿನಲ್ಲಿ ದಿನಗಟ್ಟಲೆ ಕೂತು ಕಾಫಿ ತೋಟದ ನಾಡಿಗೆ ಬಂದವರು. ಸಂಸೆಯ ಹುಡುಗರಿಗೆ ಬೆಂಗಳೂರು ಏನೋ, ಬೆಂಗಳೂರಿನ ನಿಮಗೆ ಅಮೆರಿಕ ಏನೋ, ಅವರಿಗೆ ಸಂಸೆ ಅದು. ಮೇಸ್ತ್ರಿ ಹಾಜರಿ ಕರೆಯುವಾಗ ಅವರ ಹೆಸರು ತಪ್ಪು ಹೇಳುತ್ತಾನೆ, ಅವರು ತಿದ್ದುವುದಿಲ್ಲ. ಶನಿವಾರ ಬಟವಾಡೆಯಾದ ಕೂಡಲೇ ಫೋನಿನಲ್ಲಿ ಊರಿಗೆ ದುಡ್ಡು ಕಳಿಸಿ, ಆಮೇಲೆ ಕಳಸದ ಪೇಟೆಗೆ ಮೀನಿಗೆ ಹೋಗುತ್ತಾರೆ. ಅವರ ಇಕಿಗಾಯ್ ಯಾವುದು ಎಂದು ಕೇಳುವಷ್ಟು ಹಿಂದಿ ನನಗೆ ಬರುವುದಿಲ್ಲ.

ಆದ್ದರಿಂದ ಮಾನ್ಯ ಮಿತ್ರರೇ, ನಿಮ್ಮನ್ನು ಬರಬೇಡಿ ಎನ್ನುವುದಿಲ್ಲ. ಬಂದರೆ ಜೀಪಿಗೆ ಬಾಡಿಗೆ, ಹೋಂಸ್ಟೇಗೆ ಗಿರಾಕಿ, ನಮ್ಮ ಹುಡುಗರಲ್ಲಿ ಕೆಲವರು ಊರಲ್ಲೇ ಉಳಿದಿದ್ದರೆ ಅದಕ್ಕೆ ನಿಮ್ಮ ಅತೃಪ್ತಿಯೂ ಒಂದು ಕಾರಣ. ಅದು ಹೀಗೇ ಮುಂದುವರಿಯಲಿ ಎಂದು ಹೊರನಾಡಿನ ಅನ್ನಪೂರ್ಣೇಶ್ವರಿಯಲ್ಲಿ ಪ್ರಾರ್ಥಿಸುವವರೂ ಇಲ್ಲಿದ್ದಾರೆ. ಆದರೆ ಎರಡೆಕರೆ ಕೊಳ್ಳುವ ಮೊದಲು ಒಂದು ಸಲ ಬೇರೆ ಋತುವಿನಲ್ಲಿ ಬನ್ನಿ. ಜುಲೈನಲ್ಲಿ ಬನ್ನಿ, ಕರೆಂಟು ಹೋಗಿ ನಾಲ್ಕನೇ ದಿನ, ಅಡಿಕೆಗೆ ಕೊಳೆ ಬಿತ್ತೋ ಎಂದು ಟಾರ್ಚು ಹಿಡಿದು ತೋಟಕ್ಕೆ ಹೋಗುವಾಗ ಜೊತೆಗೆ ಒಬ್ಬರು ಬೇಕು. ಇಲ್ಲವೇ ಜನವರಿಯಲ್ಲಿ ಬನ್ನಿ, ಕುಯ್ಲಿಗೆ. ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ಟು ಬೇಡ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿಲ್ಲ. ಎಷ್ಟು ಜನ ಬಂದರೂ ನಮಗೆ ಸಾಲದು. ಎಂಟು ಗಂಟೆಗೆ ಹಾಜರಿ, ಕೂಲಿ ಎಲ್ಲರಿಗೆ ಎಷ್ಟೋ ನಿಮಗೂ ಅಷ್ಟೇ. ಕಾಯಿ ಕಿತ್ತರೆ ಮೇಸ್ತ್ರಿ ಬೈಯುತ್ತಾನೆ, ಅದನ್ನು ಫೀಡ್‌ಬ್ಯಾಕ್ ಎಂದು ತಿಳಿದುಕೊಳ್ಳಿ.

ಇತಿ ನಿಮ್ಮ ವಿಶ್ವಾಸಿ,
ಸಂಸೆಯ ಒಬ್ಬ ಸಣ್ಣ ಬೆಳೆಗಾರ

ವಿ.ಸೂ.: ನಮ್ಮ ಚಿಕ್ಕಪ್ಪನ ಮಗನ ಬಯೋಡೇಟಾ ಈ ಪತ್ರದ ಜೊತೆ ಇಟ್ಟಿದ್ದೇನೆ. ಬಿ.ಕಾಂ., ಟ್ಯಾಲಿ ಬರುತ್ತದೆ, ದೋಟಿಯಲ್ಲಿ ಕೊನೆ ತೆಗೆಯಲೂ ಬರುತ್ತದೆ, ಎರಡನೆಯದ್ದನ್ನು ಬರೆದಿಲ್ಲ. ನಿಮ್ಮ ಕಂಪನಿಯಲ್ಲಿ ಯಾವುದಾದರೂ ಜಾಗ ಖಾಲಿ ಇದ್ದರೆ, ಅಥವಾ ನೀವು ಬಿಡುತ್ತೇನೆ ಬಿಡುತ್ತೇನೆ ಎನ್ನುವ ಜಾಗವನ್ನೇ ನಿಜವಾಗಿ ಬಿಟ್ಟರೆ, ದಯವಿಟ್ಟು ಅವನ ಹೆಸರು ಹೇಳಿ. ಹೆಣ್ಣಿನ ಕಡೆಯವರು ಯುಗಾದಿವರೆಗೆ ಕಾಯುತ್ತೇವೆ ಎಂದಿದ್ದಾರೆ. ವರ್ಕ್ ಫ್ರಂ ಹೋಂ ಆದರೆ ಇನ್ನೂ ಒಳ್ಳೆಯದು, ಕುಯ್ಲಿಗೆ ಜನ ಇಲ್ಲ.